ಖಂಡೆಪೂಜೆಗೆ ಕೂತ ಲ್ಯಾಪ್‌ಟಾಪು

ಲ್ಯಾಪ್‌ಟಾಪಿನ ಒಂದೊಂದು ಗುಂಡಿಗೂ ಕುಂಕುಮ ಹಚ್ಚಲೇಬೇಕೆಂದು ಗಂಗಾಂಬಿಕಾ ಹಟ ಹಿಡಿಯದಿದ್ದರೆ ಆ ವರ್ಷದ ಮಹಾನವಮಿಯ ಖಂಡೆಪೂಜೆ ಎಲ್ಲರ ಮನೆಯ ಖಂಡೆಪೂಜೆಯಂತೆಯೇ ಹೋಳಿಗೆ ತಿಂದು, ನಿದ್ದೆ ಹೊಡೆದು ಮುಗಿದುಹೋಗುತ್ತಿತ್ತು.

ಅವಳ ಗಂಡ ಚನಮಲ್ಲಪ್ಪ ಜಮಖಂಡಿಯ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷದಿಂದ ಟೈಪಿಸ್ಟ್. ಅಂದು ಮುಂಜಾನೆಯೇ ಸ್ನಾನ ಮಾಡಿ, ಹಣೆಗೆ ವಿಭೂತಿ ಎಳೆದುಕೊಂಡು, ಮನೆಯೊಳಗಿನ ಕಬ್ಬಿಣದ ಸಾಮಾನನ್ನೆಲ್ಲ ಪಡಸಾಲೆಗೆ ತಂದಿಟ್ಟಿದ್ದ. ಕುಡಗೋಲು, ಈಳಿಗೆ, ಹೊಲಿಗೆ ಮಶೀನು, ಮಿಕ್ಸರು, ಮನೆಯ ಮೂರೂ ಮೊಬೈಲುಗಳು ಸಾಲಾಗಿ ಕೂತಿದ್ದವು. ನಡುವೆ ಹೊಸ ಟಾವೆಲು ಹಾಸಿದ ಮಣೆಯ ಮೇಲೆ ಲ್ಯಾಪ್‌ಟಾಪು, ಅದನ್ನು ತಂದಿಟ್ಟ ಅಳಿಯನ ಹಾಗೆಯೇ ಬಾಯಿ ಮುಚ್ಚಿಕೊಂಡು ಕೂತಿತ್ತು.

ಅಳಿಯ ಶಿವಯೋಗಿ ಬೀಳಗಿಯ ಒಂದು ಕಾಲೇಜಿನಲ್ಲಿ ಲೆಕ್ಚರರು. ಲ್ಯಾಪ್‌ಟಾಪು ಆ ಕಾಲೇಜಿನದು. ಐದು ದಿನದ ಹಿಂದೆ ಹೆಂಡತಿ ಮಾದೇವಿಯನ್ನು ಹಬ್ಬಕ್ಕೆಂದು ತವರಿಗೆ ಬಿಡಲು ಬಂದವನು ಅದನ್ನೂ ಬಿಟ್ಟು ಹೋಗಿದ್ದ. "ನಾ ಪೇಪರ್ ತಿದ್ದಾಕ ಧಾರವಾಡಕ್ಕ ಹೊಂಟೇನ್ರಿ. ಖಂಡೆ ಪೂಜಿ ದಿನ ಸಂಜಿಕ ನಮ್ಮ ಪ್ರಿನ್ಸಿಪಾಲರನ್ನ ಊಟಕ್ಕ ಕರಕೊಂಡು ಬರ್ತೇನಿ. ಇದನ್ನ ಅವರು ಇಲ್ಲಿಂದನ ತಗೊಂಡು ಹೋಗ್ತಾರ. ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ" ಎಂದಿದ್ದ. ಯಾರೂ ಎಂದನಾದರೂ ನೋಡಿದ್ದು ಮಾವನ ಮುಖವನ್ನೇ.

ನೋಡಿದ್ದರಲ್ಲಿ ತಪ್ಪೂ ಇರಲಿಲ್ಲ. ಚನಮಲ್ಲಪ್ಪ ಮುಟ್ಟಿದ ಸಾಮಾನು ಮತ್ತೆ ಮೊದಲಿನಂತಾಗುವುದಿಲ್ಲ ಎಂಬುದು ಬಂಧು ಬಳಗದಲ್ಲೆಲ್ಲ ಗೊತ್ತಿದ್ದ ಮಾತು. ಅವನು ರಿಪೇರಿ ಮಾಡಿದ ಗಡಿಯಾರ ಹಿಂದಕ್ಕೆ ನಡೆಯುತ್ತಿತ್ತು. ಮಗಳ ಮದುವೆಯ ದಿನ, ಜೋಪಾನವಾಗಿಡುತ್ತೇನೆಂದು ಮದುಮಗನ ಬೂಟುಗಳನ್ನು ತೆಗೆದಿಟ್ಟು, ಇಟ್ಟದ್ದೆಲ್ಲಿ ಎಂಬುದನ್ನು ಮರೆತು, ಅಳಿಯನನ್ನು ಬರಿಗಾಲಲ್ಲಿ ಬೀಳಗಿಗೆ ಕಳಿಸಿಕೊಟ್ಟಿದ್ದ. ಪಂಚಮಿ ಹಬ್ಬಕ್ಕೆ ಬಂದಾಗ ಬೀಳಗಿ ಬಸ್ಸೆಂದು ಬಿಜಾಪುರದ ಬಸ್ಸು ಹತ್ತಿಸಿದ್ದ. ಮದುವೆಯಾಗಿ ಐದು ತಿಂಗಳಾದರೂ ಶಿವಯೋಗಿ ಅವನನ್ನು ಒಮ್ಮೆಯೂ 'ಮಾವಾರ' ಎಂದು ಕರೆದಿರಲಿಲ್ಲ. ಏನಾದರೂ ಹೇಳುವುದಿದ್ದರೆ ಗೋಡೆಯ ಕಡೆ ನೋಡಿ, "ಏನ್ರಿ, ನೀರು ಬೇಕಿತ್ತು" ಎನ್ನುತ್ತಿದ್ದ. ಗಂಡುಮಕ್ಕಳಿಲ್ಲದ ಚನಮಲ್ಲಪ್ಪನಿಗೆ ಅದೊಂದು ದೊಡ್ಡ ಕೊರಗು. ಬೇರೆಯವರ ಅಳಿಯಂದಿರು ಸಂತೆಯಲ್ಲಿ "ಮಾವಾರ, ಚಹಾ ಕುಡಿಯೂಣ ಬರ್ರಿ" ಎನ್ನುವುದನ್ನು ಕೇಳಿದಾಗೆಲ್ಲ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಈ ಹಬ್ಬಕ್ಕಾದರೂ ಆ ಒಂದು ಶಬ್ದ ಅಳಿಯನ ಬಾಯಿಂದ ಬಿದ್ದರೆ ಸಾಕು ಎಂದು ಅವನು ಕಾಯುತ್ತಿದ್ದ.

ಗಂಗಾಂಬಿಕಾ ಆರತಿ ತಟ್ಟೆ ಹಿಡಿದು ಬಂದವಳು ಲ್ಯಾಪ್‌ಟಾಪಿನ ಮುಂದೆ ನಿಂತಳು.

"ರೀ, ಇದನ್ನ ಚಾಲೂ ಮಾಡ್ರಿ. ಸ್ಕೂಟರ್ ಚಾಲೂ ಮಾಡಿ ಆರತಿ ಮಾಡೇವಿ. ಇದೊಂದು ಯಾಕ ಸತ್ತಂಗ ಬಿದ್ದಿರಬೇಕು?"

"ಮುಟ್ಟಬ್ಯಾಡ್ರಿ ಅಂದಾರ ಬೇ, ಅವ್ವಾ" ಎಂದಳು ಮಾದೇವಿ.

"ಪೂಜಾಕ್ಕ ಮುಟ್ಟಿದ್ರ ಮುಟ್ಟಿದಂಗ ಅಲ್ಲ" ಎಂದು ತೀರ್ಪು ಕೊಟ್ಟು, ಲ್ಯಾಪ್‌ಟಾಪು ಬೆಳಕು ಬಿಡುತ್ತಿದ್ದಂತೆ ಗಂಗಾಂಬಿಕಾ ಕುಂಕುಮದ ಬೆರಳಿನಿಂದ ಮೇಲಿನ ಸಾಲಿನ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಹೋದಳು. ಒಂದಕ್ಕೆ ಹಚ್ಚಿ ಇನ್ನೊಂದಕ್ಕೆ ಬಿಟ್ಟರೆ ಬಿಟ್ಟದ್ದು ಮುನಿಸಿಕೊಳ್ಳುತ್ತದೆ ಎಂಬುದು ಅವಳ ನಂಬಿಕೆ. ಲ್ಯಾಪ್‌ಟಾಪು ಎರಡು ಸಲ ಕೂಗಿತು. ಪರದೆ ಕಪ್ಪಗಾಗಿ ನಾಲ್ಕು ಬಿಳಿ ಅಕ್ಷರದ ಸಾಲು ಮೂಡಿದವು. ಗಂಗಾಂಬಿಕಾ ಅದನ್ನು ದೇವರ ಪ್ರಸಾದವೆಂದು ತಿಳಿದು ಕೈಮುಗಿದು, ಹೋಳಿಗೆಗೆ ಬೇಳೆ ರುಬ್ಬಲು ಒಳಗೆ ಹೋದಳು.

ಮಾದೇವಿ ಬಗ್ಗಿ ಓದಿದಳು. ಅವಳ ಮುಖ ಸಣ್ಣದಾಯಿತು.

"ಅಪ್ಪಾ, ರಿಕವರಿ ಪಾರ್ಟಿಶನ್ ಸಿಗವಲ್ದು ಅಂತ ಬಂದೈತಿ."

ಚನಮಲ್ಲಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಏಕೆಂದರೆ ಹಿಂದಿನ ದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಅವನು ಲ್ಯಾಪ್‌ಟಾಪು ಮುಟ್ಟಿದ್ದ.

ಅವನದೂ ತಪ್ಪೆನ್ನುವಂತಿಲ್ಲ. ಮಹಾನವಮಿ ಅಮಾವಾಸ್ಯೆಗೆ ಮೊದಲೇ ಮನೆಯ ಜಂತಿಯಿಂದ ಹಿಡಿದು ಹಾಸಿಗೆ, ಕೌದಿ, ಉಪ್ಪಿನಕಾಯಿ ಭರಣಿಯವರೆಗೆ ಎಲ್ಲವನ್ನೂ ಝಾಡಿಸಿ ತೊಳೆದಾಗಿತ್ತು. ಅಮಾವಾಸ್ಯೆ ಕಳೆದು ಮೂರು ದಿನಕ್ಕೆ ಬಂದದ್ದರಿಂದ ಲ್ಯಾಪ್‌ಟಾಪು ಒಂದೇ ತೊಳೆಸಿಕೊಳ್ಳದೆ ಉಳಿದಿತ್ತು. ಹಬ್ಬದ ಮನೆಯಲ್ಲಿ ಒಂದು ಸಾಮಾನು ಮೈಲಿಗೆ ಉಳಿಯಬಾರದೆಂದು ಅವನು ಮೊದಲು ಒದ್ದೆ ಬಟ್ಟೆಯಿಂದ ಹೊರಗೆಲ್ಲ ಒರೆಸಿದ. ಆಮೇಲೆ ತೆರೆದು ನೋಡಿದರೆ ಒಳಗೆ ಒಂದು ಕಸದ ಬುಟ್ಟಿ, ಅದೂ ತುಂಬಿ ತುಳುಕುತ್ತಿತ್ತು. ನಾಳೆ ಪೂಜೆ ಇಟ್ಟುಕೊಂಡು ಕಸದ ಬುಟ್ಟಿ ತುಂಬಿಸಿಡುವುದೇ? ಚನಮಲ್ಲಪ್ಪ ಬುಟ್ಟಿಯನ್ನು ಖಾಲಿ ಮಾಡಿ, ಕೈ ತೊಳೆದುಕೊಂಡು ಬಂದಿದ್ದ.

ಆರತಿಯ ಗಂಟೆ ಕೇಳಿ ಪ್ರಸಾದಕ್ಕೆಂದು ಪಕ್ಕದ ಮನೆಯ ಗಿರಿಮಲ್ಲಪ್ಪ ಬಂದ. ನಿವೃತ್ತ ತಲಾಠಿ, ಎಂದರೆ ಊರ ಲೆಕ್ಕಿಗ. ಅವನ ತಮ್ಮನ ಮಗನ ಮನೆ ಕಂಪ್ಯೂಟರ್ ಕ್ಲಾಸಿನ ಎದುರಿಗೇ ಇದ್ದುದರಿಂದ ಕಂಪ್ಯೂಟರಿನ ಸಕಲ ವಿಷಯವೂ ತನಗೆ ಗೊತ್ತೆಂದು ಅವನು ತಿಳಿದಿದ್ದ. ಚನಮಲ್ಲಪ್ಪ ಪಿಸುಮಾತಿನಲ್ಲಿ ನಡೆದದ್ದನ್ನೆಲ್ಲ ಹೇಳಿದ.

"ಕೆಟ್ಟಿ ಬಿಡು" ಎಂದ ಗಿರಿಮಲ್ಲಪ್ಪ, ಬಾಳೆಹಣ್ಣು ಸುಲಿಯುತ್ತ. "ರಿಕವರಿ ಅಂದ್ರ ಏನಂತ ತಿಳದಿ? ನೆಲದ ಹಗೇವಿನ್ಯಾಗ ಬೀಜದ ಜ್ವಾಳ ಬ್ಯಾರೆ ತಗದು ಇಡ್ತೀವಲ್ಲ, ಹಂಗ. ಬೆಳಿ ಹಾಳಾದ್ರ ಅದನ್ನ ತಗದು ಮತ್ತ ಬಿತ್ತೋದು. ಕಂಪನಿಯವರು ಮಶೀನಿನೊಳಗ ಒಂದು ಮೂಲಿ ಮಾಡಿ ಅದನ್ನ ಇಟ್ಟಿರ್ತಾರ. ನೀ ಕಸ ಅಂತ ತಿಳದು ಬೀಜದ ಕಾಳ ತಿಪ್ಪಿಗೆ ಚೆಲ್ಲಿದಿ ಮಾರಾಯಾ."

"ಈಗ ಏನ್ ಮಾಡೂದ್ರಿ?"

"ನಿನ್ನ ಅಳಿಯಾ ಏನೂ ಅನ್ನಂಗಿಲ್ಲ. ಮಾತಾಡಿದ್ರಲ್ಲ ಅನ್ನೋದು!" ಎಂದು ಗಿರಿಮಲ್ಲಪ್ಪ ಎರಡನೆಯ ಬಾಳೆಹಣ್ಣಿಗೆ ಕೈ ಹಾಕಿದ. "ಆದ್ರ ಪ್ರಿನ್ಸಿಪಾಲ ಬರ್ತಾನಲ್ಲ, ಅವಾ ಅಂತಾನ. ಸರ್ಕಾರಿ ಸಾಮಾನ ಕೆಡಿಸಿದ್ದಕ್ಕ ಪಾಪ, ಆ ಹುಡುಗನ ಮ್ಯಾಲ ಬರ್ತೈತಿ."

ಬೂಟು ಹೋಯಿತು, ಬಸ್ಸು ತಪ್ಪಿತು, ಈಗ ನೌಕರಿಗೇ ಕಲ್ಲು ಬಿದ್ದಂತಾಯಿತು. ಇನ್ನು ಅಳಿಯ ಗೋಡೆಯ ಜೊತೆಗೂ ಮಾತಾಡಲಾರ ಎಂದುಕೊಂಡ ಚನಮಲ್ಲಪ್ಪನಿಗೆ ಕಣ್ಣಲ್ಲಿ ನೀರು ಬಂತು. ಸಂಜೆ ಏಳಕ್ಕೆ ಅವರು ಬರುವವರು. ಈಗ ಹತ್ತೂವರೆ. ಅಷ್ಟರೊಳಗೆ ರಿಪೇರಿ ಮಾಡಿಸಲೇಬೇಕು.

ತೊಂದರೆ ಎಂದರೆ, ಪೂಜೆಗಿಟ್ಟ ಸಾಮಾನನ್ನು ಮರುದಿನ ಬನ್ನಿ ಮುಡಿಯುವವರೆಗೆ ಮನೆಯವರು ಎತ್ತುವಂತಿಲ್ಲ; ಪ್ರಿನ್ಸಿಪಾಲರು ತಮ್ಮ ಸಾಮಾನು ತಾವೇ ಎತ್ತಿಕೊಂಡರೆ ಅದು ಬೇರೆ ಮಾತು. ಹೋದ ವರ್ಷ ಬೇರೆ ದಾರಿ ಕಾಣದೆ ಈಳಿಗೆ ಎತ್ತಿದ್ದ ಪಕ್ಕದ ಓಣಿಯ ಹೆಂಗಸಿನ ಬಗ್ಗೆ ಗಂಗಾಂಬಿಕಾ ಇನ್ನೂ ಮಾತಾಡುತ್ತಿದ್ದಳು. ಮಾದೇವಿಯೇ ಉಪಾಯ ತೆಗೆದಳು. ಅಟ್ಟದ ಮೇಲಿಂದ ತಾನು ಸಣ್ಣವಳಿದ್ದಾಗ ಸಾಲೆಗೆ ಒಯ್ಯುತ್ತಿದ್ದ ಸ್ಲೇಟನ್ನು, ಅದೇ ಪಾಟಿಯನ್ನು, ತಂದಳು. ಅದೂ ಕಪ್ಪು, ಇದೂ ಕಪ್ಪು. ಅದಕ್ಕೂ ನಾಲ್ಕು ಮೂಲೆ, ಇದಕ್ಕೂ ನಾಲ್ಕು ಮೂಲೆ. ಪಾಟಿಯನ್ನು ಮಣೆಯ ಮೇಲಿಟ್ಟು, ಟಾವೆಲು ಮುಚ್ಚಿ, ಮೇಲೆ ಸೇವಂತಿಗೆ ಏರಿಸಿದರು. ಕುಂಕುಮ ಮೆತ್ತಿದ ಲ್ಯಾಪ್‌ಟಾಪು ಸಂತೆ ಚೀಲದೊಳಗೆ ಇಳಿಯಿತು. ಮೊಬೈಲು ಪೂಜೆಯಲ್ಲೇ ಉಳಿಯಿತು.

"ಅವ್ವ ಕೇಳಿದ್ರ ಏನ್ ಹೇಳ್ಲಿ, ಅಪ್ಪಾ?"

"ಹೂವು ತರಾಕ ಹೋಗ್ಯಾನಂತ ಹೇಳು" ಎಂದು ಚನಮಲ್ಲಪ್ಪ ಚಪ್ಪಲಿ ಮೆಟ್ಟಿದ.

ಬಸ್‌ಸ್ಟ್ಯಾಂಡಿನ ಹತ್ತಿರ ಸಾತಪ್ಪನ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದೇ ಇತ್ತು. ಆದರೆ ಒಳಗೆ ಕಂಪ್ಯೂಟರುಗಳೆಲ್ಲ ಹಾರ ಹಾಕಿಕೊಂಡು ಮದುಮಕ್ಕಳಂತೆ ಕೂತಿದ್ದವು. ಸ್ಕ್ರೂಡ್ರೈವರುಗಳು ತಟ್ಟೆಯಲ್ಲಿ ಮಲಗಿ ಮೈತುಂಬ ವಿಭೂತಿ ಹಚ್ಚಿಕೊಂಡಿದ್ದವು. ಸಾತಪ್ಪ ಬಾಗಿಲಲ್ಲೇ ಚುರಮರಿ, ಪೇಢೆ ಹಂಚುತ್ತಿದ್ದ.

"ಬರ್ರಿ ಬರ್ರಿ, ಪ್ರಸಾದ ತಗೋರಿ."

"ಸಾತಪ್ಪಾ, ಒಂದು ಅರ್ಜಂಟ್ ರಿಪೇರಿ ಐತಿ."

ಸಾತಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಇವತ್ತ? ಖಂಡೆ ಪೂಜಿ ದಿನ? ಯಜಮಾನ್ರ, ಇವತ್ತ ನಾ ದಾಡಿ ಮಾಡ್ಕೊಳ್ಳಾಕ ಬ್ಲೇಡ್ ಸುದ್ದಾ ಮುಟ್ಟಿಲ್ಲ."

"ಕೈಲೇ ಮಾಡಾಕ ಬರಂಗಿಲ್ಲೇನು?"

"ಬಾಯಿಲೇ ಹೇಳಾಕ ಬರತೈತ್ರಿ" ಎಂದ ಸಾತಪ್ಪ, ಚೀಲದೊಳಗೆ ಕಣ್ಣಷ್ಟೇ ಹಾಯಿಸಿ. "ಇದಕ್ಕ ಇದ ಕಂಪನಿಯ ರಿಕವರಿ ಡಿವಿಡಿ ಬೇಕು. ಮೂರು ಇರ್ತಾವ. ಹಾಕಿದ್ರ ಹೋದ ಮೂಲಿ ಮತ್ತ ತಾನ ಹುಟ್ಟತೈತಿ. ನಂದು ಪೂಜಾದಾಗ ಕುಂತಾವ. ನಾಳಿ ಬನ್ನಿ ಮುಡದು ಬರ್ರಿ."

ಚನಮಲ್ಲಪ್ಪ ಕೈತುಂಬ ಚುರಮರಿ ಹಿಡಿದು ಹೊರಬಿದ್ದ. ಆಗ ನೆನಪಾದದ್ದು ಹೆಂಡತಿಯ ತಮ್ಮ ನೀಲಕಂಠ. ಬನಹಟ್ಟಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟು, ಜೊತೆಗೆ ಕಂಪ್ಯೂಟರ್ ರಿಪೇರಿಯನ್ನೂ ಮಾಡುತ್ತಿದ್ದ. ದೇವರ ಬಗ್ಗೆ ಅವನ ಭಯಭಕ್ತಿ ಅಷ್ಟಕ್ಕಷ್ಟೇ. ಚನಮಲ್ಲಪ್ಪ ಬನಹಟ್ಟಿಯ ಬಸ್ಸು ಹತ್ತಿದ; ಈ ಸಲ ಬೋರ್ಡನ್ನು ಮೂರು ಸಲ ಓದಿಕೊಂಡ. ಬಸ್ಸಿನ ಮೂತಿಗೆ ಬಾಳೆಕಂಬ ಕಟ್ಟಿದ್ದರು. ಕಂಡಕ್ಟರನ ಟಿಕೆಟ್ ಮಶೀನಿಗೂ ಕುಂಕುಮ ಬಿದ್ದು, ಅದು ಎಲ್ಲಿಗೆ ಕೇಳಿದರೂ ರಬಕವಿಗೇ ಟಿಕೆಟ್ ಕೊಡುತ್ತಿತ್ತು.

ಬನಹಟ್ಟಿಯಲ್ಲಿ ಇಳಿದಾಗ ಅವನಿಗೆ ಕಿವಿ ಕೆಟ್ಟಂತಾಯಿತು. ಹಗಲೂ ರಾತ್ರಿ ಮಗ್ಗಗಳು ಖಟಖಟಿಸುವ ಊರು ಅಂದು ತಣ್ಣಗಿತ್ತು. ನೇಕಾರರೆಲ್ಲ ಮಗ್ಗಕ್ಕೆ ಪೂಜೆ ಮಾಡಿ, ಕಟ್ಟೆಯ ಮೇಲೆ ಕೂತು, ಸದ್ದಿಲ್ಲದ್ದಕ್ಕೆ ಬೇಸರ ಪಡುತ್ತಿದ್ದರು.

ನೀಲಕಂಠ ಅಕ್ಕನ ಗಂಡನನ್ನು ನೋಡಿ ಎದ್ದು ನಿಂತ. "ಏನ್ ಮಾಮಾ, ಹಬ್ಬದಾಗ ಮನಿ ಬಿಟ್ಟು ಬಂದ್ರಿ? ಅಕ್ಕಾ ಹೊರಗ ಹಾಕಿದಳೇನು?"

"ಇನ್ನಾ ಹಾಕಿಲ್ಲ. ನೀ ಕೈ ಬಿಟ್ರ ಹಾಕ್ತಾಳ."

ಕಥೆಯೆಲ್ಲ ಕೇಳಿದ ನೀಲಕಂಠ ಗುಂಡಿಗಳ ಕುಂಕುಮ ಒರೆಸುತ್ತ ತಲೆ ಕೆರೆದುಕೊಂಡ. "ಬುಟ್ಟಿ ಚೆಲ್ಲಿದ್ರ ಹೋಗೂದಲ್ಲ ಮಾಮಾ ಇದು."

"ನನ್ನ ಕೈಗುಣ ನಿನಗ ಗೊತ್ತಿಲ್ಲ. ಹೋಗತೈತಿ" ಎಂದ ಚನಮಲ್ಲಪ್ಪ.

ಅದಕ್ಕೆ ನೀಲಕಂಠನೂ ಎದುರು ಹೇಳಲಿಲ್ಲ. ಗಡಿಯಾರದ ಕಥೆ ಅವನಿಗೂ ಗೊತ್ತಿತ್ತು. ಡಿವಿಡಿಗಳು ಅವನ ಹತ್ತಿರ ಇದ್ದವು, ಅದೂ ಕಪಾಟಿನಲ್ಲಿ, ಪೂಜೆಗೆ ಇಡದೆ. "ನಿಮ್ಮನಿ ಪೂಜಾ ನಿಮ್ಮನಿಗೆ, ನಮ್ಮನಿ ಪೂಜಾ ನಮ್ಮನಿಗೆ. ಹಳ್ಳ ದಾಟಿ ಬಂದ ಲ್ಯಾಪ್‌ಟಾಪಿಗೆ ಯಾವ ಶಾಸ್ತ್ರ?" ಎಂದು ಅವನು ಕಾಲೇಜಿನ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ಎತ್ತಿಟ್ಟು, ಮೊದಲನೆಯ ಡಿವಿಡಿ ಹಾಕಿದ. ಚನಮಲ್ಲಪ್ಪ ಪರದೆಯ ಮೇಲೆ ಓಡುವ ಹಸಿರು ಗೆರೆಯನ್ನು ಮಗಳ ಪರೀಕ್ಷೆಯ ಫಲಿತಾಂಶ ನೋಡುವವನಂತೆ ನೋಡುತ್ತ ಕೂತ. ಒಂದು ಡಿವಿಡಿ ಮುಗಿಯಿತು. ಎರಡನೆಯದು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು.

"ಬ್ಯಾಟರಿ ಹನ್ನೆರಡು ನಿಮಿಷ ಬರತೈತಿ" ಎಂದ ನೀಲಕಂಠ. ಈಗ ಅವನ ಮುಖವೂ ಸಣ್ಣದಾಗಿತ್ತು. "ನಡುವ ಬಂದ್ ಬಿತ್ತಂದ್ರ ಇದ್ದದ್ದೂ ಹೋಗತೈತಿ, ಮಾಮಾ."

"ಜನರೇಟರ್?"

"ಎದುರಿಗಿನ ಮಗ್ಗದವರದು ಐತಿ. ಹಾರ ಹಾಕಿ ಕುಂದರಿಸ್ಯಾರ. ನಾಳಿತನಕ ಮುಟ್ಟಂಗಿಲ್ಲ."

ಇಡೀ ಓಣಿಯಲ್ಲಿ ಒಂದೇ ಜನರೇಟರ್ ಗುಡುಗುತ್ತಿತ್ತು: ಮೂಲೆಯ ದವಾಖಾನೆಯದು. ರೋಗಕ್ಕೆ ಹಬ್ಬ ಹುಣ್ಣಿಮೆ ಇಲ್ಲವಲ್ಲ. ತೆರೆದ ಲ್ಯಾಪ್‌ಟಾಪನ್ನು ಬಾಣಂತಿಯ ಕೂಸಿನಂತೆ ಎತ್ತಿಕೊಂಡು ಇಬ್ಬರೂ ಓಡಿದರು. ಬಾಗಿಲಲ್ಲಿ ನರ್ಸ್ ಸಾವಕ್ಕ ಅಡ್ಡ ನಿಂತಳು.

"ಪೇಶಂಟ್ ಇದ್ರ ಒಳಗ ಬರ್ರಿ. ಪ್ಲಗ್ ಹುಡುಕಿ ಬಂದವರು ಹೊರಗ. ಮುಂಜಾನಿಂದ ಹನ್ನೊಂದು ಮಂದಿ ಮೊಬೈಲ್ ಚಾರ್ಜಿಗೆ ಬಂದು ಹೋದ್ರು."

ಬ್ಯಾಟರಿ ಐದು ನಿಮಿಷಕ್ಕೆ ಇಳಿದಿತ್ತು. ನೀಲಕಂಠ ತಡ ಮಾಡಲಿಲ್ಲ. "ಪೇಶಂಟ್ ಇವ್ರ ಅದಾರ, ಅಕ್ಕಾರ! ನಮ್ಮ ಮಾಮಾಗ ಎದಿ ಹಿಡದೈತಿ!" ಎಂದು ಚನಮಲ್ಲಪ್ಪನನ್ನು ಒಳಗೆ ನೂಕಿದ.

ಚನಮಲ್ಲಪ್ಪನಿಗೆ ನಾಟಕ ಮಾಡುವ ಅಗತ್ಯವೇ ಬೀಳಲಿಲ್ಲ. ಮೈಯೆಲ್ಲ ಬೆವರಿತ್ತು, ಏದುಸಿರು ಬಿಡುತ್ತಿದ್ದ. ಸಾವಕ್ಕ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, "ಅಯ್ಯ ಶಿವನ! ನೂರಾ ಎಂಬತ್ತು" ಎಂದು ಕೂಗಿದಳು. ಅವನನ್ನು ಮಂಚದ ಮೇಲೆ ಮಲಗಿಸಿ ಕೈಗೆ ಸಲಾಯಿನ್ ಚುಚ್ಚಿದರು. ಸೊಂಟಕ್ಕೆ ಒಂದು ಇಂಜೆಕ್ಷನ್ ಬಿತ್ತು. ಮಂಚದ ತಲೆದೆಸೆಯ ಪ್ಲಗ್ಗಿಗೆ ನೀಲಕಂಠ ಲ್ಯಾಪ್‌ಟಾಪು ಚುಚ್ಚಿದ. ಬಾಟಲಿಯಿಂದ ಚನಮಲ್ಲಪ್ಪನೊಳಕ್ಕೆ ನೀರು, ಗೋಡೆಯಿಂದ ಲ್ಯಾಪ್‌ಟಾಪಿನೊಳಕ್ಕೆ ಕರೆಂಟು ಒಂದೇ ಸಮನೆ ಇಳಿಯತೊಡಗಿದವು.

ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಮಲಗಿದ್ದವನು ಗಿರಿಮಲ್ಲಪ್ಪನ ಬೀಗ. ಐದರ ಸುಮಾರಿಗೆ ನಿದ್ದೆಯಿಂದ ಎಚ್ಚೆತ್ತು ಅವನು ಚನಮಲ್ಲಪ್ಪನ ಗುರುತು ಹಿಡಿದ. ಹಿಡಿದವನು ಸುಮ್ಮನಿರದೆ ಜಮಖಂಡಿಗೆ ಫೋನು ಮಾಡಿದ. ಊರಿನ ಮೊಬೈಲುಗಳೆಲ್ಲ ಪೂಜೆಗೆ ಕೂತಿದ್ದರೂ ಗಿರಿಮಲ್ಲಪ್ಪನ ಮೊಬೈಲು ಮಾತ್ರ ಕಿವಿಯ ಮೇಲೇ ಇತ್ತು. ಎರಡೇ ನಿಮಿಷದಲ್ಲಿ ಅವನು ಗಂಗಾಂಬಿಕೆಯ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ.

"ತಂಗೀ, ಹೆದರಬ್ಯಾಡ. ಚನಮಲ್ಲಪ್ಪಗ ಎದಿ ಹಿಡದು ಬನಹಟ್ಟ್ಯಾಗ ಮಲಗಿಸ್ಯಾರಂತ. ಸಲಾಯಿನ್ ಏರಸ್ಯಾರಂತ."

ಗಂಗಾಂಬಿಕಾ ಲಟ್ಟಣಿಗೆ ಕೈಬಿಟ್ಟು, ದೇವರೇ ಗತಿ ಎಂದು ಪಡಸಾಲೆಗೆ ಓಡಿ ಬಂದು ಪೂಜೆಯ ಮುಂದೆ ಅಡ್ಡಬಿದ್ದಳು. ಹಣೆ ತಾಗಿ ಟಾವೆಲು ಸರಿಯಿತು. ಒಳಗೆ ಪಾಟಿ. ಪಾಟಿಯ ಮೇಲೆ ಹದಿನೈದು ವರ್ಷದ ಹಿಂದೆ ಮಾದೇವಿ ಬರೆದ 'ಅ ಆ ಇ ಈ' ಇನ್ನೂ ಮಸುಕಾಗಿ ಕಾಣುತ್ತಿತ್ತು. ಗಂಡನ ಎದೆಬೇನೆ, ಪೂಜೆಯ ಮಣೆಯ ಮೇಲಿನ ಪಾಟಿ, ತಲೆ ತಗ್ಗಿಸಿ ನಿಂತ ಮಗಳು. ಈ ಮೂರನ್ನೂ ಕೂಡಿಸಿ ನೋಡಿ ಗಂಗಾಂಬಿಕಾ ಅಳಬೇಕೋ ಬಯ್ಯಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡುತ್ತ, ಮನೆಗೆ ಕೀಲಿ ಹಾಕಿ, ಮಗಳನ್ನು ಎಳೆದುಕೊಂಡು, ಪಾಟಿಯನ್ನು ಕಂಕುಳಲ್ಲಿ ಅವುಚಿಕೊಂಡು ಬನಹಟ್ಟಿಯ ಕ್ರೂಸರ್ ಜೀಪು ಹತ್ತಿದಳು.

ಅತ್ತ ಐದೂವರೆಗೆ ಮೂರನೆಯ ಡಿವಿಡಿ ಮುಗಿಯಿತು. ನೀಲಕಂಠ ಲ್ಯಾಪ್‌ಟಾಪನ್ನು ಬಂದ್ ಮಾಡಿ ಚಾಲೂ ಮಾಡಿ, ಮೇಲಿನ ಸಾಲಿನ ಗುಂಡಿ ಒತ್ತಿದ. ನೀಲಿ ಪರದೆಯ ಮೇಲೆ ರಿಕವರಿಯ ಪಟ್ಟಿ ಬಂತು. ಕಡತಗಳನ್ನೆಲ್ಲ ಮತ್ತೆ ಒಳಗೆ ಇಳಿಸಿ, "ಆತು ಮಾಮಾ! ಬೀಜದ ಕಾಳು ಹಗೇವಿಗೆ ಬಿತ್ತು!" ಎಂದ. ಚನಮಲ್ಲಪ್ಪ ಮಂಚದ ಮೇಲೇ ಎದ್ದು ಕೂತು ಭಾಮೈದನನ್ನು ಅಪ್ಪಿಕೊಂಡ. ಸಾವಕ್ಕ ಬಂದು ಬಿ.ಪಿ. ನೋಡಿದರೆ ನೂರಾ ಇಪ್ಪತ್ತು. ನಮ್ಮ ಡಾಕ್ಟರ ಕೈಗುಣ ಅಂದರೆ ಇದು ಎಂದು ಅವಳು ಹೆಮ್ಮೆ ಪಟ್ಟಳು.

ಅವನ ಬಸ್ಸು ಜಮಖಂಡಿಯ ಕಡೆಗೆ, ಅವಳ ಕ್ರೂಸರ್ ಬನಹಟ್ಟಿಯ ಕಡೆಗೆ. ನಡುದಾರಿಯಲ್ಲಿ ಒಂದನ್ನೊಂದು ದಾಟಿ ಹೋದವು.

ಚನಮಲ್ಲಪ್ಪ ಮನೆ ಮುಟ್ಟಿದಾಗ ಬಾಗಿಲಿಗೆ ಕೀಲಿ. ಕಟ್ಟೆಯ ಮೇಲೆ ಅಳಿಯ ಶಿವಯೋಗಿ, ಅವನ ಪಕ್ಕದಲ್ಲಿ ಬಿಳಿ ಟೊಪ್ಪಿಗೆಯ ಪ್ರಿನ್ಸಿಪಾಲ ಶಿದ್ರಾಮಪ್ಪನವರು. ಈಗಷ್ಟೇ ಬಂದವರು. ಗಿರಿಮಲ್ಲಪ್ಪ ತನ್ನ ಮನೆಯಿಂದ ನೀರಿನ ತಂಬಿಗೆ ಹಿಡಿದು ಬರುತ್ತಿದ್ದವನು ಚನಮಲ್ಲಪ್ಪನನ್ನು ಕಂಡು ದೆವ್ವ ಕಂಡವನಂತೆ ನಿಂತುಬಿಟ್ಟ.

"ಶರಣ್ರಿ ಸರ್, ಬಂದು ಭಾಳ ಹೊತ್ತಾತೇನ್ರಿ?" ಎನ್ನುತ್ತ ಚನಮಲ್ಲಪ್ಪ, ಪಟ್ಟಿ ಹಚ್ಚಿದ ಕೈಯಿಂದಲೇ ಚೀಲದೊಳಗಿನ ಲ್ಯಾಪ್‌ಟಾಪು ತೆಗೆದು ಕೊಟ್ಟ. "ಇದನ್ನ... ಭದ್ರ ಇರಲಿ ಅಂತ ನನ್ನ ಕೂಡನ ಇಟ್ಕೊಂಡಿದ್ದೆ."

ಪ್ರಿನ್ಸಿಪಾಲರು ಅದನ್ನು ತೊಡೆಯ ಮೇಲಿಟ್ಟುಕೊಂಡು ಚಾಲೂ ಮಾಡಿ, ಮೇಲಿನ ಸಾಲಿನ ಗುಂಡಿಯೊಂದನ್ನು ಒತ್ತಿದರು. ನೀಲಿ ಪರದೆಯ ಮೇಲೆ ಪಟ್ಟಿ ಬಂತು. ಅವರು ಕನ್ನಡಕ ಸರಿಮಾಡಿಕೊಂಡರು.

"ಅಲ್ಲೋ ಶಿವಯೋಗಿ, ಇದು ಹೋಗೇತಿ ಅಂದಿದ್ದೀ. ರಿಕವರಿ ಇಲ್ಲೇ ಐತಲ್ಲ!"

ಶಿವಯೋಗಿಯ ಮುಖ ಬಿಳುಪೇರಿತು. ಅಳಿಯನಿಗೆ ಆಗಲೇ ಎಲ್ಲ ಗೊತ್ತಾಗಿಬಿಟ್ಟಿದೆ, ಮಾದೇವಿ ಹೇಳಿರಬೇಕು ಎಂದುಕೊಂಡ ಚನಮಲ್ಲಪ್ಪ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಟಕಟೆಯಲ್ಲಿ ನಿಂತವನಂತೆ ಕೈಮುಗಿದ.

"ತಪ್ಪು ನಂದ್ರಿ ಸರ್. ಅಳಿಸಿದವಾ ನಾನ. ಇವತ್ತ ಬನಹಟ್ಟಿಗಿ ಹೋಗಿ ಸರಿ ಮಾಡಿಸಿಕೊಂಡು ಬಂದೇನಿ. ನಮ್ಮ ಅಳಿಯಾಗ ಏನೂ ಅನಬ್ಯಾಡ್ರಿ."

"ಗೊತ್ತೈತ್ರಿ, ಗೊತ್ತೈತಿ" ಎಂದು ಪ್ರಿನ್ಸಿಪಾಲರು ಸಮಾಧಾನ ಮಾಡಿದರು. "ನಿಮ್ಮ ಅಳಿಯಾ ಮುಚ್ಚಿಡೂ ಮನಷ್ಯಾ ಅಲ್ಲ. ಮೊನ್ನಿ ಅಮಾಸಿ ದಿನಾನ ನನ್ನ ಮನಿಗೆ ಬಂದು, 'ಸರ್, ಲ್ಯಾಪ್‌ಟಾಪ್ ಮಾವಾರ ಮನ್ಯಾಗ ಇಟ್ಟಿದ್ದೆ, ಅವರು ಮುಟ್ಟಿ ರಿಕವರಿ ಅಳಿಸಿಬಿಟ್ರು' ಅಂತ ಹೇಳಿ ಕಣ್ಣಾಗ ನೀರು ತಂದ. ಹೋಗ್ಲಿ ಬಿಡಪಾ, ಹಿರ್ಯಾರು, ತಿಳೀದ ಮುಟ್ಟಿರ್ತಾರ ಅಂದೆ."

"ಅಮಾಸಿ ದಿನಾರಿ?" ಎಂದ ಚನಮಲ್ಲಪ್ಪ.

"ಅಮಾಸಿ ದಿನ."

ಚನಮಲ್ಲಪ್ಪ ಬೆರಳು ಮಡಚಿ ಎಣಿಸಿದ. ಅವನು ಬುಟ್ಟಿ ಚೆಲ್ಲಿದ್ದು ನಿನ್ನೆ. ಲ್ಯಾಪ್‌ಟಾಪು ಈ ಮನೆಗೆ ಬಂದದ್ದು ಐದು ದಿನದ ಹಿಂದೆ. ಅಮಾವಾಸ್ಯೆ ಕಳೆದು ಎಂಟು ದಿನವಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಅವನು ಕಳ್ಳತನ, ಹೊಡೆದಾಟ, ಬದುವಿನ ತಂಟೆ ಎಂದು ಸಾವಿರಾರು ಕೇಸು ಟೈಪು ಮಾಡಿದ್ದ. ಅಪರಾಧ ನಡೆಯುವ ಏಳು ದಿನ ಮೊದಲೇ ಆರೋಪಿಯ ಹೆಸರು ಬರೆಸಿದ ಕೇಸನ್ನು ಕಂಡಿರಲಿಲ್ಲ. "ಬುಟ್ಟಿ ಚೆಲ್ಲಿದ್ರ ಹೋಗೂದಲ್ಲ ಮಾಮಾ ಇದು" ಎಂದ ನೀಲಕಂಠನ ಮಾತು ಈಗ ಕಿವಿಯಲ್ಲಿ ಗಂಟೆ ಹೊಡೆದಂತೆ ಕೇಳಿಸಿತು. ಗುಂಡಿ ಒತ್ತಿ ಅಳಿಸಿದವನು ಬೇರೆ. ಕೆಡಿಸುವ ಕೈ ಯಾರದೆಂದು ಬಂಧು ಬಳಗಕ್ಕೆಲ್ಲ ಗೊತ್ತಿದೆಯಲ್ಲ, ಆ ಕೈಯ ಹತ್ತಿರ ತಂದಿಟ್ಟು, 'ಯಾರೂ ಮುಟ್ಟಬ್ಯಾಡ್ರಿ' ಎಂದು ತನ್ನ ಮುಖವನ್ನೇ ನೋಡಿ ಹೋದ ಅಳಿಯನೇ.

ಸಿಟ್ಟು ನೆತ್ತಿಗೇರಿತು. ಸೊಂಟದ ಇಂಜೆಕ್ಷನ್ ಕೂಡ ಆಗಲೇ ನೋಯತೊಡಗಿತು. ಅವನು ಅಳಿಯನ ಕಡೆ ತಿರುಗಿದ.

ಶಿವಯೋಗಿ ಗೋಡೆಯ ಕಡೆ ನೋಡುತ್ತಿರಲಿಲ್ಲ. ಮಾವನನ್ನೇ ನೋಡುತ್ತಿದ್ದ.

"ಮಾವಾರ..." ಎಂದ.

ಐದು ತಿಂಗಳಿಂದ ಕಾದ ಶಬ್ದ. ಚನಮಲ್ಲಪ್ಪನ ಸಿಟ್ಟು ಅರ್ಧ ದಾರಿಯಲ್ಲಿ ಕಾಲು ಮುರಿದುಕೊಂಡು ಕೂತಿತು. ಅಷ್ಟರಲ್ಲಿ ಗಿರಿಮಲ್ಲಪ್ಪ, "ಅಲ್ರಿ ಸಾಹೇಬ್ರ, ಅಮಾಸಿ ದಿನ ಇದು ಇಲ್ಲಿ ಬಂದ..." ಎಂದು ಬಾಯಿ ತೆರೆದ. ಚನಮಲ್ಲಪ್ಪ ಅವನ ಕಾಲಬೆರಳ ಮೇಲೆ ತನ್ನ ಚಪ್ಪಲಿಯನ್ನು ಗಟ್ಟಿಯಾಗಿ ಊರಿದ.

"ಹೌದ್ರಿ ಸರ್" ಎಂದ ಪ್ರಿನ್ಸಿಪಾಲರಿಗೆ. "ಅಮಾಸಿ ದಿನಾನ ಅಳಿಸಿದ್ದೆ. ಮುಂಜಾನಿ ಹತ್ತರ ಸುಮಾರಿಗೆ. ನನಗ ಛಲೋ ನೆನಪೈತಿ."

ಪ್ರಿನ್ಸಿಪಾಲರು ತಲೆದೂಗಿದರು. "ಶಿವಯೋಗಿ, ಪುಣ್ಯಾ ಮಾಡಿ. ತಾವ ಕೆಡಿಸಿ, ತಾವ ಒಪ್ಪಿಕೊಂಡು, ತಮ್ಮ ಖರ್ಚಿಲೇ ರಿಪೇರಿ ಮಾಡಿಸಿ ಕೊಡೂ ಮಾವ ಯಾರಿಗೆ ಸಿಗ್ತಾನ?"

ಆ ಮಾತು ಶಿವಯೋಗಿಯ ಮನಸ್ಸಿನಲ್ಲಿ ಎಲ್ಲೋ ಹೋಗಿ ಕೂತದ್ದನ್ನು ಯಾರೂ ಗಮನಿಸಲಿಲ್ಲ.

ಎಂಟು ಗಂಟೆಗೆ ಗಂಗಾಂಬಿಕಾ ಪಾಟಿಯೊಂದಿಗೆ ಇಳಿದಳು. ಅತಿಥಿಗಳ ಮುಂದೆ ಏನೂ ಆಡಲಿಲ್ಲ. ಕೀಲಿ ತೆಗೆದು, ಪಾಟಿಯನ್ನು ಗಂಡನ ಕೈಗೆ ಕೊಟ್ಟು, "ಪೂಜಾ ಎತ್ತಿದವರು ನಾಳಿ ಸಂಜೀತನಕ ಉಪಾಸ ಇರಬೇಕು. ಮಂದಿಗೆ ಬಡಸ್ರಿ. ನೀವು ಉಣ್ಣಬ್ಯಾಡ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಹಾಗಾಗಿ ಬೆಳಗಿನಿಂದ ಒಂದು ಹಿಡಿ ಚುರಮರಿ, ಒಂದು ಬಾಟಲಿ ಸಲಾಯಿನ್ ಬಿಟ್ಟರೆ ಏನೂ ಕಾಣದ ಚನಮಲ್ಲಪ್ಪ, ಬಿಸಿ ಹೋಳಿಗೆಯ ಬುಟ್ಟಿ ಹಿಡಿದು ಬಡಿಸುತ್ತ ಹೋದ. ತುಪ್ಪದ ವಾಸನೆಗೆ ಕಣ್ಣು ಕತ್ತಲೆ ಬರುತ್ತಿತ್ತು. ಶಿವಯೋಗಿಯ ಎಲೆಯ ಮುಂದೆ ಬಗ್ಗಿದಾಗ ಅಳಿಯ ಅವನ ಕೈ ಹಿಡಿದುಕೊಂಡ.

"ಮಾವಾರ" ಎಂದ ಮೆಲ್ಲಗೆ, ಬಹಳ ಪ್ರೀತಿಯಿಂದ.

"ಹೇಳಪಾ."

"ಕಾಲೇಜಿನ ಪ್ರೊಜೆಕ್ಟರ್ ಒಡದೈತ್ರಿ. ಕೈ ಜಾರಿ ಬಿತ್ತು. ಪ್ರಿನ್ಸಿಪಾಲರಿಗೆ ಇನ್ನಾ ಹೇಳಿಲ್ಲ. ಹೋದ ಸಲ ನಿಮ್ಮನ್ನ ಕೇಳದ ಹೇಳಿದ್ದು ನಂದು ತಪ್ಪಾತು. ಈ ಸಲ ಕೇಳಿನ ಹೇಳೂಣು ಅಂತ."

ಚನಮಲ್ಲಪ್ಪ ಪ್ರಿನ್ಸಿಪಾಲರ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ ಅಳಿಯನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದ.

"ನಾ ಅದನ್ನ ಯಾವತ್ತ ಒಡದೇನಿ?"

"ಹೋದ ಬುಧವಾರ್ರಿ."

"ಬುಧವಾರ ಬ್ಯಾಡ, ನನಗ ಕೋರ್ಟ್ ಇತ್ತು" ಎಂದ ಚನಮಲ್ಲಪ್ಪ. "ರವಿವಾರ ಒಡದಾರಂತ ಹೇಳು."